ನಿಲ್ಲದ ಚಕ್ರ

ಸಂದರ್ಶನದಲ್ಲಿ ತೋರಿಸಲೆಂದು ಉದ್ಯೋಗ ಪ್ರಕಟಣೆಗಳ ಪುಟ್ಟ ಆಂಡ್ರಾಯ್ಡ್ ಆ್ಯಪ್ ಮಾಡಿದ್ದೆ. ಪರದೆಯನ್ನು ಕೆಳಗೆಳೆದು ಬಿಟ್ಟರೆ ಚಕ್ರ ತಿರುಗಿ ಹೊಸ ಪಟ್ಟಿ ಬರಬೇಕು. ಲೊರೆನ್ ಬ್ರಿಕ್ಟರ್ ‘ಟ್ವೀಟಿ’ ಆ್ಯಪ್‌ಗಾಗಿ ರೂಪಿಸಿದ ಈ ತಂತ್ರ ಈಗ ಎಲ್ಲರ ಬೆರಳಿಗೂ ರೂಢಿ. ಹಾಸ್ಟೆಲ್ ವೈಫೈನಲ್ಲಿ ಎಷ್ಟೋ ಸಲ ಪರೀಕ್ಷಿಸಿದ್ದೆ.

ಮಂಗಳೂರಿನಿಂದ ಬೆಂಗಳೂರಿಗೆ ಹೊರಟ ಬಸ್ಸಿನಲ್ಲಿ ಗೆಳತಿಗೆ ತೋರಿಸಹೋದೆ. ಶಿರಾಡಿ ಘಾಟಿ, ಸಿಗ್ನಲ್ ಇಲ್ಲ. ಚಕ್ರ ತಿರುಗಿತು, ತಿರುಗಿತು, ನಿಲ್ಲಲೇ ಇಲ್ಲ. ‘ಏನೇ ಇದು, ಜಾತ್ರೆಯ ತೊಟ್ಟಿಲಾ?’ ಎಂದು ನಕ್ಕಳು. ನನಗೋ ಅಳುವೇ ಬಂತು. ಮರುದಿನವೇ ಸಂದರ್ಶನ!

ರಾತ್ರಿ ಪಿಜಿಯಲ್ಲಿ ಲ್ಯಾಪ್‌ಟಾಪ್ ತೆರೆದೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಎಳೆದಾಗಲೆಲ್ಲ ಚಕ್ರ ಸಿಕ್ಕಿಕೊಳ್ಳುತ್ತಿತ್ತು. ಆಗ ಗೊತ್ತಾಯಿತು. ಚಕ್ರ ತಾನಾಗಿ ನಿಲ್ಲುವುದಿಲ್ಲ. ‘ಸೆಟ್‌ರಿಫ್ರೆಶಿಂಗ್’ಗೆ ‘ಫಾಲ್ಸ್’ ಎಂದು ನಾವೇ ಹೇಳಬೇಕು. ಆ ಸಾಲನ್ನು ಪಟ್ಟಿ ಬಂದಾಗ ನಡೆಯುವ ಭಾಗದಲ್ಲಷ್ಟೇ ಬರೆದಿದ್ದೆ. ನೆಟ್‌ವರ್ಕ್ ಕೈಕೊಟ್ಟಾಗ ನಡೆಯಬೇಕಾದ ಭಾಗ ಖಾಲಿ! ಸೋಲಬಹುದು ಎಂದು ನಾನು ಯೋಚಿಸಿಯೇ ಇರಲಿಲ್ಲ. ಅಲ್ಲೂ ಅದೇ ಸಾಲು ಸೇರಿಸಿ, ‘ಇಂಟರ್‌ನೆಟ್ ಇಲ್ಲ, ಮತ್ತೆ ಪ್ರಯತ್ನಿಸಿ’ ಎಂಬ ಸಂದೇಶ ಹಾಕಿದೆ. ಚಕ್ರ ನಿಂತಿತು.

ಸಂದರ್ಶಕರು ಕೇಳಿದ ಮೊದಲ ಪ್ರಶ್ನೆ: ‘ನೆಟ್ ಇಲ್ಲದಿದ್ದರೆ?’ ಸದ್ದಿಲ್ಲದೆ ಏರೋಪ್ಲೇನ್ ಮೋಡ್ ಹಾಕಿ ತೋರಿಸಿದೆ. ಅವರು ತಲೆಯಾಡಿಸಿದರು.

ಆ ಕೆಲಸ ಸಿಗಲಿಲ್ಲ. ಕೊನೆಯ ಸುತ್ತಿನಲ್ಲಿ ಸೋತೆ. ಬೇಸರವಾಯಿತು, ನಿಜ. ಆದರೆ ಒಂದೇ ಕಡೆ ಗಿರಗಿರ ತಿರುಗುತ್ತ ಕೂರಲಿಲ್ಲ. ಮತ್ತೆ ಪ್ರಯತ್ನಿಸುತ್ತಿದ್ದೇನೆ. ಹೊಸದೇನು ಬರೆದರೂ ಮೊದಲು ಏರೋಪ್ಲೇನ್ ಮೋಡ್ ಹಾಕಿ ನೋಡುತ್ತೇನೆ.