ಮಂಜಿಷ್ಠರಾಗ

ಠಾಣೆಯಿಂದ ಕಲ್ಯಾಣಕ್ಕೆ ಹೋಗುವ ನಿಧಾನಗಾಡಿ ಮುಂಬ್ರಾದೇವಿಯ ಗುಡ್ಡದ ಬುಡವನ್ನು ಬಳಸಿ ಖಾಡಿಯ ಅಂಚಿನಲ್ಲಿ ಸಾಗುವಾಗಲೆಲ್ಲ ನನಗೆ ಕಾಸ್ಮಾಸನ ನೆನಪಾಗುವುದುಂಟು. 1854ರ ಮೇ ತಿಂಗಳಿನಲ್ಲಿ ಇಲ್ಲಿ ರೈಲು ಓಡಿತು. ಅದಕ್ಕೆ ಹದಿಮೂರು ಶತಮಾನಗಳ ಹಿಂದೆಯೇ ಆ ಗ್ರೀಕ್ ವರ್ತಕನು ಕಲ್ಯಾಣದಿಂದ ಹೊರನಾಡಿಗೆ ಹೋಗುವ ಸರಕುಗಳಲ್ಲಿ ಹಿತ್ತಾಳೆ, ಬೀಟೆಮರಗಳೊಡನೆ ಬಟ್ಟೆಯನ್ನೂ ಹೆಸರಿಸಿದ್ದನು. ಬಟ್ಟೆಯ ಬಣ್ಣವನ್ನು ಅವನು ಹೇಳಲಿಲ್ಲ. ನನ್ನ ಮನಸ್ಸು ಮಾತ್ರ ಅದನ್ನು ಕೆಂಪೆಂದೇ ಕಾಣುತ್ತದೆ.

ಆ ಕೆಂಪಿನ ಒಡತಿ ಮಂಜಿಷ್ಠ. ಸಹ್ಯಾದ್ರಿಯ ಎತ್ತರದ ತಂಪಿನಲ್ಲಿ ಪೊದೆಯಿಂದ ಪೊದೆಗೆ ಹಬ್ಬುವ, ಚೌಕಕಾಂಡದ, ಗೆಣ್ಣುಗೆಣ್ಣಿಗೆ ನಾಲ್ಕೆಲೆಯ ಈ ಕಾಡುಬಳ್ಳಿಯನ್ನು ಅಮರಕೋಶವು ಯೋಜನವಲ್ಲಿಯೆಂದೂ ಕರೆದಿದೆ. ಮೊಹೆಂಜೊದಾರೊದಲ್ಲಿ ಬೆಳ್ಳಿಯ ಪಾತ್ರೆಗಂಟಿ ಉಳಿದ ಹತ್ತಿಬಟ್ಟೆಯ ಚೂರಿಗೆ ಬಣ್ಣವಿತ್ತದ್ದು ಇದೇ ಕುಲದ ಬೇರು. ಸಾಹಿತ್ಯದರ್ಪಣಕಾರ ವಿಶ್ವನಾಥನು ಅನುರಾಗವನ್ನೇ ಬಣ್ಣಗಾರನ ಅಳತೆಗೋಲಿನಿಂದ ಅಳೆದನು: ನೀಲಿಯದು ಮಾಸದು, ಆದರೆ ಹೊಳೆಯದು, ಕುಸುಂಬೆಯದು ಹೊಳೆಯುವುದು, ಆದರೆ ನಿಲ್ಲದು, ಹೊಳೆದೂ ನಿಲ್ಲುವುದು ಮಂಜಿಷ್ಠರಾಗವೊಂದೇ.

ಆಲಂಕಾರಿಕರು ಇಲ್ಲಿ ಒಬ್ಬನನ್ನು ಮರೆತರೆಂದು ನನ್ನ ದೂರು. ಬೇರನ್ನು ಕುಟ್ಟಿ ನೀರಿನಲ್ಲಿ ಕಾಯಿಸಿದ ಮಾತ್ರಕ್ಕೆ ಹತ್ತಿಯ ನೂಲು ಕೆಂಪನ್ನು ಹಿಡಿದಿಟ್ಟುಕೊಳ್ಳದು. ಮೊದಲು ಅಳಲೆಕಾಯಿಯ ಒಗರನ್ನೂ ಬಳಿಕ ಪಟಿಕದ ನೀರನ್ನೂ ಕುಡಿದ ಬಟ್ಟೆಯಲ್ಲಿಯೇ ಬಣ್ಣವು ಬೇರೂರುವುದು, ಪಟಿಕದ ಬದಲು ಕಬ್ಬಿಣದ ನೀರಾದರೆ ಅದೇ ಬೇರು ಕಪ್ಪುನೇರಳೆಗೆ ತಿರುಗುವುದು. ಇಷ್ಟರಮಟ್ಟಿಗೆ ಪ್ರೇಮದ ಸ್ಥೈರ್ಯವೆಲ್ಲ ಪಟಿಕದ್ದು, ಕೀರ್ತಿಯೆಲ್ಲ ಬಳ್ಳಿಯದು.

ಈ ಬಳ್ಳಿಯ ಯೂರೋಪಿನ ದಾಯಾದಿಯಾದ ಮ್ಯಾಡರ್ ಬೇರಿನ ಮುಖ್ಯ ವರ್ಣವಸ್ತು ಅಲಿಜರಿನ್. ಗ್ರೇಬೆ ಮತ್ತು ಲೀಬರ್‌ಮನ್ ಎಂಬ ಜರ್ಮನ್ ರಸಾಯನಜ್ಞರು 1868ರಲ್ಲಿ ಅದನ್ನು ಕಲ್ಲಿದ್ದಲಿನ ಡಾಂಬರಿನಿಂದ ದೊರೆಯುವ ಆಂತ್ರಸೀನಿನಿಂದ ಸೃಷ್ಟಿಸಿದರು. ಮರುವರ್ಷ ಅದರ ಪೇಟೆಂಟಿಗೆ ಲಂಡನ್ನಿನಲ್ಲಿ ಪರ್ಕಿನ್ ಎಂಬ ಇಂಗ್ಲಿಷ್ ರಸಾಯನಜ್ಞನು ಅವರಿಗಿಂತ ಒಂದೇ ದಿನ ತಡವಾಗಿ ಅರ್ಜಿ ಹಾಕಿದನು. ನಮ್ಮ ಮಂಜಿಷ್ಠದಲ್ಲಿ ಪ್ರಧಾನವಾದವು ಬೇರೆ, ಪರ್ಪ್ಯುರಿನ್ ಮತ್ತು ಬಳ್ಳಿಯ ಹೆಸರನ್ನೇ ಹೊತ್ತ ಮಂಜಿಸ್ಟಿನ್. ಆದರೆ ಪೇಟೆಯ ಅಗ್ಗದ ಕೆಂಪಿನೆದುರು ಆ ಭೇದವನ್ನು ಕೇಳುವವರು ಯಾರು? ಬಣ್ಣದ ಕಡಾಯಿಯಿಂದ ಇಳಿದ ಬೇರು ಗ್ರಂಥಿಗೆ ಅಂಗಡಿಯ ಡಬ್ಬಿಗೆ ಸೇರಿ, ರಕ್ತಶುದ್ಧಿಯ ಕಷಾಯಕ್ಕೆಂದು ಇಂದಿಗೂ ತೂಗಿಸಿಕೊಳ್ಳುತ್ತಿದೆ.

ಮುಂಬ್ರಾ ಕಳೆದು, ದಿವಾ ಕಳೆದು ಸ್ವಲ್ಪ ಹೊತ್ತಿಗೆ ಡೊಂಬಿವಲಿ. ಅಲ್ಲಿಯ ರಾಸಾಯನಿಕ ಕಾರ್ಖಾನೆಗಳ ನಡುವಣ ಒಂದು ರಸ್ತೆ 2020ರ ಫೆಬ್ರವರಿಯಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿ, ರಾಜ್ಯದ ಮುಖ್ಯಮಂತ್ರಿಯೇ ಬಂದು ನೋಡಿಹೋದರು. ಅಳಲೆಕಾಯಿಯಿಲ್ಲ, ಪಟಿಕವಿಲ್ಲ, ಡಾಂಬರಿನ ಮಗಳು ಡಾಂಬರು ರಸ್ತೆಯನ್ನು ತಾನಾಗಿಯೇ ಹಿಡಿದಿದ್ದಳು.