ಈಡು ಹೊಡೆದವನ ಹೊಣೆ

1860ರ ಭಾರತೀಯ ದಂಡ ಸಂಹಿತೆಯಲ್ಲಿ ಬಿಡಿಸಲು ಕಷ್ಟವಾದ ಅನೇಕ ಸೆಕ್ಷನ್ನುಗಳ ಕೆಳಗೆ ಪುಟ್ಟ ಪುಟ್ಟ ಉದಾಹರಣೆಗಳಿವೆ. 299ನೆಯ ಸೆಕ್ಷನ್ನಿನ ಕೆಳಗಿರುವ ಒಂದು ಹೀಗಿದೆ: ಒಬ್ಬಾತ ಕೋಳಿಯೊಂದನ್ನು ಹೊಡೆದು ಕದಿಯಲೆಂದು ಗುಂಡು ಹಾರಿಸುತ್ತಾನೆ. ಪೊದೆಯ ಹಿಂದೆ ಇನ್ನೊಬ್ಬ ಇರುವುದು ಅವನಿಗೆ ಗೊತ್ತಿಲ್ಲ. ಗುಂಡು ತಗುಲಿ ಆ ಇನ್ನೊಬ್ಬ ಸಾಯುತ್ತಾನೆ. ಕೊಲ್ಲುವ ಉದ್ದೇಶ ಇರಲಿಲ್ಲ, ಸಾವು ಬರಬಹುದೆಂಬ ತಿಳಿವೂ ಇರಲಿಲ್ಲ, ಆದ್ದರಿಂದ ಇದು ನರಹತ್ಯೆಯ ಅಪರಾಧವಲ್ಲ ಎನ್ನುತ್ತದೆ ಸಂಹಿತೆ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 100ನೆಯ ಸೆಕ್ಷನ್ನಿನಲ್ಲೂ ಅದೇ ಕೋಳಿ, ಅದೇ ಪೊದೆ.

ಹಾಗಾದರೆ ಸತ್ತವನ ಲೆಕ್ಕ ಯಾರ ತಲೆಗೆ? ದಂಡ ಸಂಹಿತೆ ಬಂದ ಹತ್ತು ವರ್ಷದ ಮೇಲೆ, 1870ರಲ್ಲಿ, ಅದಕ್ಕೆ 304ಎ ಎಂಬ ಸೆಕ್ಷನ್ ಸೇರಿತು. ದುಡುಕಿನಿಂದಲೋ ನಿರ್ಲಕ್ಷ್ಯದಿಂದಲೋ ಸಾವು ತಂದವನಿಗೆ 2 ವರ್ಷದವರೆಗೆ ಸೆರೆ. ಹೊಸ ಸಂಹಿತೆಯ 106ನೆಯ ಸೆಕ್ಷನ್ ಅದನ್ನು 5 ವರ್ಷಕ್ಕೆ ಏರಿಸಿದೆ. ಕಾಡಿನಲ್ಲಿ ಆಗುವ ಇಂಥ ಸಾವುಗಳಲ್ಲಿ ಈಡು ಹೊಡೆದವನ ಬಾಯಿಂದ ಮೊದಲು ಬರುವ ಮಾತು ‘ಗೊತ್ತಾಗಲಿಲ್ಲ’ ಎಂಬುದು. ಬಹುಪಾಲು ಸಲ ಅದು ಸುಳ್ಳಲ್ಲ, ಅವನಿಗೆ ನಿಜಕ್ಕೂ ಗೊತ್ತಾಗಿರುವುದಿಲ್ಲ. ಆದರೆ ಏನೆಂದು ಗೊತ್ತಾಗದೆ ಟ್ರಿಗರ್ ಎಳೆಯಲು ಅವನಿಗೆ ಹೇಳಿದವರು ಯಾರು?

ಮಲೆನಾಡು, ಕೊಡಗಿನ ಕಡೆಯ ಪತ್ರಿಕೆಗಳಲ್ಲಿ ‘ಕಾಡುಹಂದಿಯೆಂದು ಭಾವಿಸಿ’ ಎಂದು ಶುರುವಾಗುವ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಅದು ಹಂದಿಯೇ ಆಗಿರಲು ಒಂದು ಕಾರಣ ಪ್ರಾಣಿಯ ಕಣ್ಣಿನಲ್ಲೇ ಇದೆ. ರಾತ್ರಿ ಬ್ಯಾಟರಿ ಬಿಟ್ಟರೆ ಕಡವೆ, ಜಿಂಕೆ, ಚಿರತೆಗಳ ಕಣ್ಣು ಥಳಥಳ ಹೊಳೆಯುತ್ತದೆ. ಅವುಗಳ ಅಕ್ಷಿಪಟಲದ ಹಿಂದೆ ಬೆಳಕನ್ನು ಮರಳಿಸುವ ಪದರವೊಂದಿದೆ. ಹಂದಿಗೆ ಆ ಪದರವಿಲ್ಲ, ಮನುಷ್ಯನಿಗೂ ಇಲ್ಲ. ಹಾಗಾಗಿ ಹಂದಿಗೆಂದು ಕಾದು ಕೂತವನಿಗೆ ಕಣ್ಣಿನ ಗುರುತು ಸಿಗುವುದಿಲ್ಲ. ಹಳುವಿನ ಅಲುಗಾಟ, ಒಣಗಿದ ಎಲೆಯ ಸರಪರ, ನೆಲಮಟ್ಟದಲ್ಲೊಂದು ಕಪ್ಪು ಆಕಾರ, ಅಷ್ಟೇ ಅವನಿಗಿರುವ ಆಧಾರ. ಕಾಫಿ ಗಿಡದ ಬುಡದಲ್ಲಿ ಬಗ್ಗಿದ ಆಳು, ಕಂಬಳಿ ಹೊದ್ದು ಗದ್ದೆ ಕಾಯಲು ಹೊರಟ ರೈತ, ಅದೇ ಹಂದಿಯ ಜಾಡು ಹಿಡಿದು ಆಚೆ ಬದಿಯಿಂದ ಬಂದ ಜೊತೆಗಾರ, ಎಲ್ಲರೂ ಕತ್ತಲಲ್ಲಿ ಅಷ್ಟೇ ಎತ್ತರ, ಅಷ್ಟೇ ಕಪ್ಪು.

ಕಣ್ಣು ತಪ್ಪುವುದಕ್ಕಿಂತ ಮೊದಲು ಮನಸ್ಸು ತಪ್ಪಿರುತ್ತದೆ. ಮರಸು ಕೂತು ಗಂಟೆಗಟ್ಟಲೆ ಹಂದಿಯನ್ನೇ ಎಣಿಸುತ್ತಿರುವವನಿಗೆ ಅರ್ಧ ಕಂಡರೂ ಪೂರ್ತಿ ಹಂದಿ ಕಂಡಂತಾಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಬೆರಳು ಅವಸರ ಮಾಡುತ್ತದೆ. ಕಣ್ಣಿಗೆ ಸಿಗದ ಉಳಿದರ್ಧವನ್ನು ಮಿದುಳು ತಾನೇ ತುಂಬಿಕೊಡುತ್ತದೆ. ಆ ಹೊತ್ತಿನಲ್ಲಿ ಅವನಿಗೆ ಕೋರೆಯೂ ಕಂಡೀತು, ಬಾಲವೂ ಕಂಡೀತು. ಆಮೇಲೆ ಕೋರ್ಟಿನಲ್ಲಿ ಅದನ್ನೇ ಆಣೆ ಮಾಡಿ ಹೇಳುತ್ತಾನೆ, ನಂಬಿಯೇ ಹೇಳುತ್ತಾನೆ. ದಶರಥ ಹೊಳೆಯ ದಡದಲ್ಲಿ ಕೊಡ ತುಂಬುವ ಸದ್ದಿಗೆ ಬಾಣ ಬಿಟ್ಟಾಗ ಅವನ ಮನಸ್ಸಿನಲ್ಲೂ ನೀರು ಕುಡಿಯುವ ಆನೆ ಆಗಲೇ ಬಂದು ನಿಂತಿತ್ತು. ಶಬ್ದವೇಧಿಯ ವಿದ್ಯೆಯಲ್ಲಿ ಅವನು ಪಳಗಿದವನು. ಬಾಣ ಗುರಿ ತಪ್ಪಲಿಲ್ಲ, ಗುರಿಯೇ ಬೇರೆಯಾಗಿತ್ತು.

ಏನೆಂದು ಗೊತ್ತಾಗದೆ ಹೊಡೆಯಬಹುದೇ ಎಂಬ ಪ್ರಶ್ನೆಗೆ ಉತ್ತರವನ್ನು ಕಾನೂನಿನ ಮಾತಿನಲ್ಲಿ ಸ್ಪಷ್ಟವಾಗಿ ಬರೆದಿಟ್ಟ ನಾಡು ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯ. ಕಾಡು ಹೆಚ್ಚು, ಜನ ಕಡಿಮೆ. ನವೆಂಬರ್ ಬಂತೆಂದರೆ ಜಿಂಕೆ ಬೇಟೆ ಅಲ್ಲಿ ಹಬ್ಬವಿದ್ದ ಹಾಗೆ. 1988ರ ನವೆಂಬರಿನಲ್ಲಿ ಬ್ಯಾಂಗರ್ ನಗರದ ಸಮೀಪ, ಬೇರೆ ರಾಜ್ಯದಿಂದ ಕೆಲವೇ ತಿಂಗಳ ಹಿಂದೆ ಬಂದು ನೆಲೆಸಿದ್ದ, ಎಳೆಯ ಮಕ್ಕಳ ತಾಯಿಯೊಬ್ಬಳು ತನ್ನದೇ ಮನೆಯ ಹಿತ್ತಿಲಿಗೆ ಹೋಗಿದ್ದಳು. ಕೈಗೆ ಬಿಳಿಯ ಚಳಿಗವಸು. ಆ ನಾಡಿನ ಜಿಂಕೆ ಬೆದರಿದಾಗ ಬಾಲ ಎತ್ತುತ್ತದೆ, ಬಾಲದ ಅಡಿ ಬೆಳ್ಳಗೆ ಮಿಂಚುತ್ತದೆ. ದೂರದರ್ಶಕ ಜೋಡಿಸಿದ ರೈಫಲ್ ಹಿಡಿದಿದ್ದ ಬೇಟೆಗಾರ ಎರಡು ಗುಂಡು ಹಾರಿಸಿದ. ಜಿಂಕೆ ಕಂಡೆ ಎಂದ. ಆಕೆ ಅಲ್ಲೇ ಸತ್ತಳು.

ಮುಂದೆ ಆದದ್ದು ನನ್ನನ್ನು ಹೆಚ್ಚು ಕಾಡುತ್ತದೆ. ಊರಿನ ಬಹಳ ಜನ ಸತ್ತವಳನ್ನೇ ದೂರಿದರು. ಬೇಟೆಯ ಕಾಲದಲ್ಲಿ ಬಿಳಿ ಗವಸು ಹಾಕಿದ್ದೇಕೆ, ಕಿತ್ತಳೆ ಬಟ್ಟೆ ತೊಡದೆ ಹೊರಗೆ ಬಂದದ್ದೇಕೆ, ಹೊಸಬಳು, ಇಲ್ಲಿಯ ರೀತಿ ತಿಳಿಯದವಳು ಎಂದೆಲ್ಲ. ಆರೋಪ ಹೊರಿಸಬೇಕೇ ಬೇಡವೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ ಮೊದಲ ಸಲ ಬೇಡವೆಂದಿತು. ಎರಡನೆಯ ಮಂಡಳಿ ಆರೋಪ ಹೊರಿಸಿತು. 1990ರಲ್ಲಿ ಜ್ಯೂರಿ ಬೇಟೆಗಾರನನ್ನು ಬಿಟ್ಟುಬಿಟ್ಟಿತು. ತನ್ನ ಹಿತ್ತಿಲಲ್ಲಿ ನಿಂತವಳು ತಾನು ಜಿಂಕೆಯಲ್ಲವೆಂದು ತೋರಿಸಿಕೊಳ್ಳಬೇಕಿತ್ತು ಎಂಬ ತರ್ಕ ಅದು. ಅದನ್ನು ಒಪ್ಪಿದರೆ ಕಾಡಂಚಿನ ಪ್ರತಿ ಮನೆಯವರೂ ಬೇಟೆಗಾರನ ಕಣ್ಣಿನ ಅಳತೆಗೆ ಬದುಕಬೇಕಾಗುತ್ತದೆ.

ಆ ಸಾವು ರಾಜ್ಯವನ್ನು ಇಬ್ಭಾಗ ಮಾಡಿತು, ಕೊನೆಗೆ ಕಾನೂನನ್ನೂ ಬದಲಿಸಿತು. 1991ರಲ್ಲಿ ಮೇನ್ ತಂದ ಗುರಿ ಗುರುತಿಸುವ ಕಾನೂನಿನ ಸಾರ ಇಷ್ಟು: ಹೊಡೆಯುವ ಆ ಕ್ಷಣದಲ್ಲಿ ಎದುರಿಗಿರುವುದು ತಾನು ಹುಡುಕುತ್ತಿರುವ ಪ್ರಾಣಿಯೇ ಎಂಬುದು ಖಚಿತವಾಗಿರಬೇಕು. ದೊಡ್ಡ ಪ್ರಾಣಿಯಾದರೆ ಅದರ ತಲೆ ಮತ್ತು ಮುಂಡ ಹೆಚ್ಚುಕಡಿಮೆ ಮರೆಯಿಲ್ಲದೆ ಕಂಡಿರಬೇಕು. ಸದ್ದೊಂದೇ ಎಂದಿಗೂ ಸಾಲದು. ಕಂಡದ್ದು ಸ್ಪಷ್ಟವಿಲ್ಲದಿದ್ದರೆ ಕೈ ತಡೆಯಬೇಕು. ಗುಂಡು ಹೋಗುವ ದಾರಿಯಲ್ಲಿ ಮನುಷ್ಯರು ಇರಬಹುದೆಂಬುದನ್ನು ಬೇಟೆಗಾರ ಸದಾ ನೆನಪಿಟ್ಟಿರಬೇಕು. ಅಲ್ಲಿಗೆ ‘ಗೊತ್ತಾಗಲಿಲ್ಲ’ ಎಂಬುದೇ ತಪ್ಪೊಪ್ಪಿಗೆಯಾಯಿತು, ಏಕೆಂದರೆ ಗೊತ್ತು ಮಾಡಿಕೊಳ್ಳುವುದೇ ಅವನ ಕೆಲಸ.

ಕಿತ್ತಳೆ ಬಟ್ಟೆಯ ವಿಷಯವೂ ತಿಳಿದಿರಬೇಕು. ಮೇನ್ 1973ರಿಂದಲೇ ಬೇಟೆಗಾರರಿಗೆ ಹೊಳೆಯುವ ಕಿತ್ತಳೆ ಬಣ್ಣವನ್ನು ಕಡ್ಡಾಯ ಮಾಡಿದೆ. ಬಂದೂಕಿನ ಜಿಂಕೆ ಬೇಟೆಯ ಕಾಲದಲ್ಲಿ ಟೋಪಿ ಒಂದು, ಮೈ ಮುಚ್ಚುವ ಅಂಗಿಯೋ ಕವಚವೋ ಇನ್ನೊಂದು. ಜಿಂಕೆಯ ಕಣ್ಣಿನಲ್ಲಿ ಬಣ್ಣ ಹಿಡಿಯುವ ಕೋಶಗಳು ಎರಡೇ ಬಗೆ, ಕೆಂಪನ್ನು ಹಿಡಿಯುವುದು ಇಲ್ಲ. ನಮಗೆ ಬೆಂಕಿಯಂತೆ ಕಾಣುವ ಕಿತ್ತಳೆ ಅದಕ್ಕೆ ಕಾಡಿನ ಬಣ್ಣಗಳ ನಡುವೆ ಮಂಕಾಗಿ ಬೆರೆತುಹೋಗುತ್ತದೆ. ಹಾಗಾಗಿ ಬೇಟೆಗಾರನಿಗೆ ನಷ್ಟವಿಲ್ಲ, ಜೊತೆಗಾರನ ಕಣ್ಣಿಗೆ ಮಾತ್ರ ಎದ್ದು ಕಾಣುತ್ತಾನೆ. ಬಹಳ ಜೀವ ಉಳಿಸಿದ ಬಟ್ಟೆ ಅದು. ಆದರೆ ಗುಂಡಿಗೆ ಗುರಾಣಿಯಲ್ಲ.

2006ರ ಫೆಬ್ರವರಿ 11ರ ಸಂಜೆ ಅಮೆರಿಕದ ಉಪಾಧ್ಯಕ್ಷ ಡಿಕ್ ಚೆನಿ ದಕ್ಷಿಣ ಟೆಕ್ಸಾಸಿನ ಆರ್ಮ್‌ಸ್ಟ್ರಾಂಗ್ ರಾಂಚಿನಲ್ಲಿ ಲಾವಕ್ಕಿ ಬೇಟೆಯಲ್ಲಿದ್ದರು. ಜೊತೆಯಲ್ಲಿದ್ದ 78 ವರ್ಷದ ವಕೀಲ ಹ್ಯಾರಿ ವಿಟಿಂಗ್ಟನ್ ಬಿದ್ದ ಹಕ್ಕಿ ಹುಡುಕಲು ಹಿಂದೆ ಉಳಿದು ಮತ್ತೆ ಸಾಲಿನತ್ತ ಬರುತ್ತಿದ್ದರು. ಹಕ್ಕಿ ಹಾರಿತು. ಚೆನಿ ಅದರ ಬೆನ್ನಿಗೆ ಕೋವಿ ತಿರುಗಿಸಿದರು. ಆ ದಿಕ್ಕಿನಲ್ಲಿ ಇಳಿಬಿಸಿಲು. ಚರೆಗಳು ವಿಟಿಂಗ್ಟನ್ನರ ಮುಖ, ಕುತ್ತಿಗೆ, ಎದೆಗೆ ಹೊಕ್ಕವು. ಅವರು ಕಿತ್ತಳೆ ಕವಚ ತೊಟ್ಟೇ ಇದ್ದರು. ಹೃದಯದ ಬಳಿ ಸೇರಿದ ಚರೆಯೊಂದರಿಂದ ಆಸ್ಪತ್ರೆಯಲ್ಲಿ ಸಣ್ಣ ಹೃದಯಾಘಾತವೂ ಆಯಿತು, ಆದರೂ ಬದುಕಿದರು.

ಇಲ್ಲೂ ಮೊದಲ ದಿನಗಳಲ್ಲಿ ಬಂದ ಮಾತು ಪೆಟ್ಟು ತಿಂದವರ ಮೇಲೆಯೇ: ತಾನು ಬರುತ್ತಿದ್ದೇನೆಂದು ಅವರು ಕೂಗಿ ಹೇಳಲಿಲ್ಲವಂತೆ. ನಾಲ್ಕು ದಿನದ ಮೇಲೆ ಟೆಲಿವಿಷನ್ನಿನಲ್ಲಿ ಚೆನಿ ಆ ಮಾತನ್ನು ಬದಿಗಿಟ್ಟು, ಟ್ರಿಗರ್ ಎಳೆದವನು ತಾನು, ಹ್ಯಾರಿಯನ್ನು ದೂರುವಂತಿಲ್ಲ ಎಂದರು. ಅವರ ರಾಜಕಾರಣದ ಬಗ್ಗೆ ಯಾರಿಗೆ ಏನೇ ಅಭಿಪ್ರಾಯವಿರಲಿ, ಹೊಣೆಯನ್ನು ಇಡಬೇಕಾದ ಜಾಗ ಅದೇ. ಹಾರುವ ಹಕ್ಕಿಯ ಜೊತೆ ತಿರುಗುವಾಗ ಕಣ್ಣು ಹಕ್ಕಿಗೆ ಅಂಟಿಕೊಂಡಿರುತ್ತದೆ, ನಳಿಗೆ ಯಾರ ಮೇಲೆ ಹಾದುಹೋಗುತ್ತಿದೆ ಎಂಬುದು ಲಕ್ಷ್ಯಕ್ಕೆ ಬರುವುದಿಲ್ಲ. ಅದಕ್ಕೇ ಸಾಲಿನಲ್ಲಿ ನಡೆಯುವ ಪ್ರತಿಯೊಬ್ಬನಿಗೂ ಹೊಡೆಯುವ ಹರವನ್ನು ಮೊದಲೇ ಗೊತ್ತು ಮಾಡಿರುತ್ತಾರೆ. ಹಕ್ಕಿ ಆ ಹರವು ದಾಟಿತೆಂದರೆ ನಳಿಗೆ ಆಕಾಶಕ್ಕೆ.

ಗುರಿಯ ಹಿಂದೆ ಏನಿದೆ ಎಂಬುದು ಇನ್ನೊಂದು ಮಾತು. ಪಾಯಿಂಟ್ 22ರ ಪುಟ್ಟ ಗುಂಡು ಕೂಡ ನಳಿಗೆ ಮೇಲೆತ್ತಿ ಹೊಡೆದರೆ ಸುಮಾರು 2 ಕಿಲೋಮೀಟರ್ ಹೋಗಬಲ್ಲದು. ದೊಡ್ಡ ಬೇಟೆಯ ರೈಫಲ್ಲಿನ ಗುಂಡು ಅದರ ಇಮ್ಮಡಿ. ಹಕ್ಕಿಯ ಚರೆಯೇ ಇನ್ನೂರು ಮೀಟರಿನಾಚೆ ಬೀಳುತ್ತದೆ. ದಿಣ್ಣೆಯ ನೆತ್ತಿಯ ಮೇಲೆ ಆಕಾಶಕ್ಕೆ ಎದುರಾಗಿ ನಿಂತ ಪ್ರಾಣಿಗೆ ಹೊಡೆಯಬಾರದು ಎನ್ನುವುದು ಇದಕ್ಕೆ. ಹಿಂದೆ ಗುಂಡು ತಡೆಯುವ ಮಣ್ಣಿಲ್ಲ, ಆಚೆ ಇಳಿಜಾರಿನಲ್ಲಿ ಊರಿರಬಹುದು.

ಕೇಪಿನ ಕೋವಿಯ ಅಪಾಯ ಬೇರೆ ಬಗೆಯದು. ಮದ್ದು, ಚರೆ ಎಲ್ಲವನ್ನೂ ನಳಿಗೆಯ ಬಾಯಿಂದ ಗಿಡಿದು ತುಂಬಿದ ಮೇಲೆ ಅದನ್ನು ತೋಟಾ ಕೋವಿಯ ಹಾಗೆ ಮಡಿಸಿ ಖಾಲಿ ಮಾಡುವಂತಿಲ್ಲ. ಈಡು ತೀರಿಸದೆ ಮನೆಗೆ ತಂದು ಮೂಲೆಗೆ ಒರಗಿಸಿಡುವುದು, ಜೀಪಿನ ಹಿಂದೆ ಹಾಕುವುದು ಅದರಿಂದಲೇ. ಕೇಪು ತೆಗೆದುಬಿಟ್ಟರೆ ಅಪಾಯ ಬಹಳ ತಗ್ಗುತ್ತದೆ. ಬೇಲಿ ದಾಟುವ ಮುಂಚೆ, ತೊರೆಗೆ ಇಳಿಯುವ ಮುಂಚೆ, ಗಾಡಿ ಹತ್ತುವ ಮುಂಚೆ ತೋಟಾ ಹೊರಗೆ, ಕೇಪು ಜೇಬಿಗೆ. ಇದನ್ನು ಬಿಟ್ಟವರ ಕೋವಿ ಜಾರಿ ಬಿದ್ದು ಸಿಡಿದಾಗ ಎದುರಿಗೆ ಸಿಗುವುದು ಹೆಚ್ಚಾಗಿ ಅವರ ಜೊತೆಗಾರ, ಇಲ್ಲವೆ ಮನೆಯ ಮಗು.

ನಮ್ಮ ಕಡೆ ಹಳು ಸೋವುವವರು ಒಂದು ಬದಿ, ಬಿಲ್ಲಿಗೆ ನಿಂತವರು ಇನ್ನೊಂದು ಬದಿ ಎಂಬಂತೆ ನಡೆಯುತ್ತಿದ್ದ ಬೇಟೆಯನ್ನು ಫ್ರಾನ್ಸಿನಲ್ಲಿ ಇಂದಿಗೂ ಕಾನೂನಿನ ಅನುಮತಿಯಲ್ಲಿ ನಡೆಸುತ್ತಾರೆ. ಅಲ್ಲಿಯ ಒಂದು ಕಟ್ಟಳೆ ಕಣ್ಣಿಗೆ ಕಟ್ಟುವಂಥದು. ಬಿಲ್ಲಿಗೆ ನಿಂತವನು ತನ್ನ ಪಕ್ಕದ ಈಡುಗಾರನ ಕಡೆಗೆ 5 ಹೆಜ್ಜೆ ನಡೆಯುತ್ತಾನೆ. ಅಲ್ಲಿಂದ ನೇರ ಮಗ್ಗುಲಿಗೆ ತಿರುಗಿ ತಾನು ಹೊಡೆಯುವ ದಿಕ್ಕಿನಲ್ಲಿ 3 ಹೆಜ್ಜೆ ಇಟ್ಟು ಒಂದು ಕೋಲು ನೆಡುತ್ತಾನೆ. ಇನ್ನೊಂದು ಪಕ್ಕಕ್ಕೂ ಹಾಗೆಯೇ. ತನ್ನ ಜಾಗಕ್ಕೆ ಬಂದು ನಿಂತರೆ ಎರಡು ಕೋಲುಗಳೂ ಪಕ್ಕದವರ ನೇರಕ್ಕೆ ಸುಮಾರು 30 ಡಿಗ್ರಿ ಬಿಟ್ಟು ನಿಂತಿರುತ್ತವೆ. ಕೋಲಿನಿಂದ ಆಚೆ ಪಕ್ಕದವನ ಕಡೆಗೆ ಹಂದಿ ಎಷ್ಟೇ ಹತ್ತಿರ ನುಗ್ಗಲಿ, ಹೊಡೆಯುವಂತಿಲ್ಲ. ಗುಂಡು ಕಲ್ಲಿಗೋ ಮರಕ್ಕೋ ಬಡಿದು ಚಿಮ್ಮಿದರೂ ಪಕ್ಕದವನಿಗೆ ತಗಲದಿರಲೆಂದು ಈ ಅಂತರ. ಅವಸರದ ಕ್ಷಣದಲ್ಲಿ ಬುದ್ಧಿಯನ್ನು ನಂಬುವಂತಿಲ್ಲ ಎಂದು ತಿಳಿದವರು ಸಮಾಧಾನದ ಹೊತ್ತಿನಲ್ಲೇ ನೆಟ್ಟ ಕೋಲು ಅದು.

ಕೋಲು ನೆಟ್ಟಲ್ಲೂ ಸಾವು ತಪ್ಪಿಲ್ಲ. 2020ರ ಡಿಸೆಂಬರಿನಲ್ಲಿ ಫ್ರಾನ್ಸಿನ ಲಾಟ್ ಜಿಲ್ಲೆಯಲ್ಲಿ ಮನೆಯ ಹತ್ತಿರ ಸೌದೆ ಕಡಿಯುತ್ತಿದ್ದ ಯುವಕನೊಬ್ಬ ಹಂದಿಯೆಂದು ಭಾವಿಸಿದವನ ಗುಂಡಿಗೆ ಬಲಿಯಾದ. 2023ರ ಜನವರಿಯಲ್ಲಿ ಕೋರ್ಟು ಗುಂಡು ಹಾರಿಸಿದವನ ಜೊತೆಗೆ ಆ ದಿನದ ಬೇಟೆಯ ಮುಂದಾಳನ್ನೂ ತಪ್ಪಿತಸ್ಥನೆಂದಿತು. ಇಬ್ಬರಿಗೂ ಅಮಾನತಿನಲ್ಲಿಟ್ಟ ಸೆರೆಶಿಕ್ಷೆ. ಸತ್ತವನ ಕಡೆಯವರಿಗೆ ಅದು ತೀರ ಕಡಿಮೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೂ ಮುಂದಾಳನ್ನು ಕಟಕಟೆಗೆ ತಂದದ್ದು ದೊಡ್ಡ ಹೆಜ್ಜೆಯೆಂದೇ ನನ್ನ ಎಣಿಕೆ. ಯಾರು ಎಲ್ಲಿ ನಿಲ್ಲಬೇಕು, ಯಾವ ದಿಕ್ಕಿಗೆ ಹೊಡೆಯಬಾರದು ಎಂದು ಹೇಳಬೇಕಾದವನು ಅವನು.

ಭಾರತದಲ್ಲಿ ಲೆಕ್ಕ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಂದಿ, ಕಡವೆ, ಜಿಂಕೆಗಳ ಶಿಕಾರಿ ನಿಷಿದ್ಧ. ಬೆಳೆ ಕಾಯಲೆಂದು ಕೋವಿಗೆ ಲೈಸೆನ್ಸ್ ಇದ್ದರೂ ಪ್ರಾಣಿಯನ್ನು ಕೊಲ್ಲಲು ಅದು ಪರವಾನಗಿಯಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನ ವಿನಾಯಿತಿ ಇದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಯನ್ನು ತೊಳೆದೊರೆಸಿ, ನಳಿಗೆಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುವ ಮನೆಗಳಲ್ಲಿ ಕೋವಿಯ ಬಗ್ಗೆ ಭಯಭಕ್ತಿ ಎರಡೂ ಇವೆ. ಆ ವಿನಾಯಿತಿ ಲೈಸೆನ್ಸಿಗೆ ಮಾತ್ರ. ಬೇಟೆಗೂ ಇಲ್ಲ, ಅಜಾಗ್ರತೆಗೂ ಇಲ್ಲ.

ಆಕಸ್ಮಿಕ ಎಂದು ಬಿಡುಗಡೆ ಕೇಳುವವನಿಗೆ ನ್ಯಾಯ ಸಂಹಿತೆಯ 18ನೆಯ ಸೆಕ್ಷನ್ ಹಾಕುವ ಷರತ್ತು ಬಿಗಿಯಾಗಿದೆ: ಮಾಡುತ್ತಿದ್ದ ಕೆಲಸ ಕಾನೂನಿನ ಒಳಗಿರಬೇಕು, ಮಾಡಿದ ರೀತಿಯೂ ಸಾಧನವೂ ಕಾನೂನಿನ ಒಳಗಿರಬೇಕು, ತಕ್ಕ ಎಚ್ಚರವನ್ನೂ ವಹಿಸಿರಬೇಕು. 1952ರಲ್ಲಿ ನಾಗಪುರ ಹೈಕೋರ್ಟ್ ಇಂಥ ಒಬ್ಬನನ್ನು ಬಿಟ್ಟದ್ದುಂಟು. ಊರಿಗೆ ಕತ್ತೆಕಿರುಬದ ಕಾಟವಿತ್ತು, ಮಳೆ ಸುರಿಯುತ್ತಿತ್ತು, ಅಲ್ಲಿ ಮನುಷ್ಯ ಇರಬಹುದೆಂದು ಯಾರೂ ಎಣಿಸಿರಲಿಲ್ಲ. ಕೋವಿಗೆ ಲೈಸೆನ್ಸ್ ಇಲ್ಲದಿದ್ದರೂ ಹೊಡೆದದ್ದು ಕತ್ತೆಕಿರುಬಕ್ಕೆ ಎಂಬ ಅವನ ನಂಬಿಕೆಯನ್ನು ಕೋರ್ಟು ಒಪ್ಪಿತು. ಊರನ್ನು ಕಾಯಲು ಹೊರಟವನ ಕತೆ ಅದು. ಮಾಂಸಕ್ಕೆಂದು ಕಳ್ಳಶಿಕಾರಿಗೆ ಹೋದವನು ಮೊದಲ ಷರತ್ತಿನಲ್ಲೇ ಮುಗ್ಗರಿಸುತ್ತಾನೆ.

ನಮ್ಮಲ್ಲಿ ಹೆಚ್ಚಿನ ಕೇಡು ನಡೆಯುವುದು ಈಡಿನ ನಂತರ. ಶಿಕಾರಿಯೇ ಕಳ್ಳತನವಾದ್ದರಿಂದ ಕಿತ್ತಳೆ ಬಟ್ಟೆ ತೊಡುವವರಿಲ್ಲ, ಊರಿಗೆ ತಿಳಿಸಿ ಹೋಗುವವರಿಲ್ಲ, ಗಾಯಗೊಂಡವನನ್ನು ಕೂಡಲೇ ಆಸ್ಪತ್ರೆಗೆ ಒಯ್ಯುವ ಧೈರ್ಯವೂ ಇಲ್ಲ. ಏನು ಹೇಳಬೇಕೆಂದು ಜೊತೆಗಾರರು ಕತ್ತಲಲ್ಲಿ ಮಾತು ಹೊಂದಿಸಿಕೊಳ್ಳುವಷ್ಟರಲ್ಲಿ ರಕ್ತ ಹರಿದುಹೋಗಿರುತ್ತದೆ. ಹೆಣವನ್ನೋ ಕೋವಿಯನ್ನೋ ಜಾಗ ಬದಲಿಸಿ ಸಾಕ್ಷ್ಯ ಮುಚ್ಚಿದರೆ ಅದು ನ್ಯಾಯ ಸಂಹಿತೆಯ 238ರ ಕೆಳಗೆ ಬೇರೆಯೇ ಅಪರಾಧ. ಜೊತೆಗಿದ್ದು ಅದಕ್ಕೆ ಕೈ ಜೋಡಿಸಿದವರೂ ಅದರಲ್ಲಿ ಸಿಕ್ಕಿಬೀಳುತ್ತಾರೆ.

ಗುಂಡು ತಗುಲಿದವನ ಹತ್ತಿರ ಹೋಗುವ ಮೊದಲು ಎಲ್ಲರ ಕೋವಿಯನ್ನೂ ಖಾಲಿ ಮಾಡಿ ನೆಲಕ್ಕಿಡಬೇಕು. 108ಕ್ಕೆ ಕರೆ ಮಾಡಬೇಕು, ಸಿಗ್ನಲ್ ಇಲ್ಲದಿದ್ದರೆ ಒಬ್ಬ ರಸ್ತೆಗೆ ಓಡಬೇಕು. ರಕ್ತ ಬರುವ ಜಾಗಕ್ಕೆ ಒಗೆದ ಬಟ್ಟೆಯಿಟ್ಟು ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯಬೇಕು. ಬಟ್ಟೆ ನೆನೆದರೆ ತೆಗೆಯದೆ ಮೇಲೆ ಇನ್ನೊಂದು. ಚರೆಯನ್ನು ಚಾಕುವಿನಿಂದ ಕೀಳಲು ಹೋಗಬಾರದು, ಸೊಪ್ಪು ಅರೆದು ಹಚ್ಚಬಾರದು, ಬಾಯಿಗೆ ಏನೂ ಹಾಕಬಾರದು. ಮೈ ತಣ್ಣಗಾಗದಂತೆ ಕಂಬಳಿ ಹೊದಿಸಬೇಕು. ಯಾವ ಕೋವಿ, ಚರೆಯೋ ಗುಂಡೋ, ಎಷ್ಟು ದೂರದಿಂದ, ಎಷ್ಟು ಹೊತ್ತಾಯಿತು ಎಂಬುದನ್ನು ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಬೇಕು. ಮುಳ್ಳು ಚುಚ್ಚಿತು, ಮರದಿಂದ ಬಿದ್ದ ಎಂದು ಸುಳ್ಳು ಹೇಳಿದರೆ ಅವರು ಹುಡುಕಬೇಕಾದ ಚರೆಯನ್ನು ಹುಡುಕದೆ ಹೊತ್ತು ಕಳೆಯುತ್ತದೆ.