ಪಾಠಕ್ಕೆ ತಕ್ಕ ಟೂಲ್‌ಬಾರ್: ಮೊಸಳೆಯ ಜೋಡಿ ಗುಡಿಗಳನ್ನು ಬಿಡಿಸುವಾಗ ಕಲಿತದ್ದು

ಬೋಧನಾಭ್ಯಾಸದ ಎರಡನೆಯ ವಾರ. ಏಳನೇ ತರಗತಿ, ಗಣಿತ, ಘಟಕ ಸಮಮಿತಿ. ಶಾಲೆ ಮೊಸಳೆಯ ಸಮೀಪದ್ದು. ಹಾಗಾಗಿ ಪಾಠಕ್ಕೆ ಉದಾಹರಣೆ ಹುಡುಕುವ ಕಷ್ಟವಿರಲಿಲ್ಲ. ಹಾಸನದ ದಕ್ಷಿಣಕ್ಕಿರುವ ಆ ಊರಿನಲ್ಲಿ ಸುಮಾರು ಕ್ರಿ.ಶ. 1200ರ ಹೊತ್ತಿನ ಎರಡು ಹೊಯ್ಸಳ ಗುಡಿಗಳಿವೆ, ನಾಗೇಶ್ವರ ಮತ್ತು ಚೆನ್ನಕೇಶವ. ಕೆಲವೇ ಅಡಿಗಳ ಅಂತರದಲ್ಲಿ ಅಕ್ಕಪಕ್ಕ ನಿಂತಿರುವ ಇವು ಅಳತೆಯಲ್ಲೂ ಆಕಾರದಲ್ಲೂ ಒಂದನ್ನೊಂದು ಹೋಲುತ್ತವೆ. ತರಗತಿಯ ಮಕ್ಕಳಲ್ಲಿ ಅನೇಕರು ಅವನ್ನು ನೋಡಿದವರೇ. ಒಂದು ಗುಡಿಯ ತಲವಿನ್ಯಾಸವನ್ನು ಪರದೆಯ ಮೇಲೆ ಬಿಡಿಸುವುದು, ನಡುವೆ ಒಂದು ಗೆರೆ ಎಳೆಯುವುದು, ಆ ಗೆರೆಯಲ್ಲಿ ಪ್ರತಿಫಲಿಸಿ ಎರಡನೆಯ ಗುಡಿಯನ್ನು ಪಡೆಯುವುದು ನನ್ನ ಯೋಜನೆ. ಪಾಠಯೋಜನೆಯಲ್ಲಿ ಈ ಚಟುವಟಿಕೆಗೆ ಎಂಟು ನಿಮಿಷ ಬರೆದಿದ್ದೆ.

ಆದದ್ದೇ ಬೇರೆ. ಜಿಯೋಜೀಬ್ರಾದಲ್ಲಿ ಬಹುಭುಜದ ಉಪಕರಣ ತೆರೆಯಲು ಹೋಗಿ ಪಕ್ಕದ ವೃತ್ತದ್ದನ್ನು ಒತ್ತಿದೆ. ಪ್ರತಿಫಲನದ ಉಪಕರಣ ಯಾವ ಚಿಹ್ನೆಯ ಕೆಳಗಿದೆ ಎಂಬುದು ಮನೆಯಲ್ಲಿ ಗೊತ್ತಿತ್ತು, ತರಗತಿಯಲ್ಲಿ ಮರೆತುಹೋಯಿತು. ಪ್ರತಿ ಚಿಹ್ನೆಯ ಮೂಲೆಯ ಪುಟ್ಟ ತ್ರಿಕೋನವನ್ನು ಒತ್ತಿ ಪಟ್ಟಿ ಇಳಿಸುತ್ತ ಹೋದೆ. ಮುಂದಿನ ಸಾಲಿನವರು ಮೊದಲು ಸಲಹೆ ಕೊಟ್ಟರು, ಆಮೇಲೆ ಮಾತಿಗಿಳಿದರು. ಹಿಂದಿನ ಸಾಲಿನವರು ನನಗಾಗಿ ಕಾಯಲೇ ಇಲ್ಲ. ಎರಡನೆಯ ಗುಡಿ ಪರದೆಯ ಮೇಲೆ ಬರುವ ಹೊತ್ತಿಗೆ ಅವಧಿಯ ಅರ್ಧ ಕಳೆದಿತ್ತು. ಮಾರ್ಗದರ್ಶಕ ಶಿಕ್ಷಕಿಯವರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: "ಮಕ್ಕಳ ಮುಖ ನೋಡಿದ್ದಕ್ಕಿಂತ ಮೆನು ನೋಡಿದ್ದು ಹೆಚ್ಚು."

ಅಂದು ಸಂಜೆಯಿಂದ ನಾನು ಮಾಡಿದ ಕೆಲಸವನ್ನೇ ಇಲ್ಲಿ ವಿವರಿಸುತ್ತಿದ್ದೇನೆ. ಚಿತ್ರ ಬಿಡಿಸುವ ತಂತ್ರಾಂಶದ ಟೂಲ್‌ಬಾರನ್ನು ನಮ್ಮ ಕೆಲಸಕ್ಕೆ ತಕ್ಕಂತೆ ಜೋಡಿಸಿಕೊಳ್ಳಬಹುದು ಎಂಬ ಸಂಗತಿ ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. ಗೊತ್ತಿದ್ದವರೂ ಅದನ್ನು ವೃತ್ತಿಪರ ಕಲಾವಿದರ ಚಟವೆಂದು ಬಿಟ್ಟಿರುತ್ತಾರೆ.

ಹುಡುಕಾಟಕ್ಕೆ ಇಷ್ಟು ಹೊತ್ತು ಏಕೆ ಹಿಡಿಯುತ್ತದೆ? ಇದಕ್ಕೆ ಮನೋವಿಜ್ಞಾನದಲ್ಲಿ ಎರಡು ಹಳೆಯ ಉತ್ತರಗಳಿವೆ. 1952ರಲ್ಲಿ ಹಿಕ್ ತೋರಿಸಿದ್ದು: ಎದುರಿಗಿರುವ ಆಯ್ಕೆಗಳು ಹೆಚ್ಚಿದಂತೆ ತೀರ್ಮಾನಕ್ಕೆ ಬೇಕಾಗುವ ಸಮಯವೂ ಹೆಚ್ಚುತ್ತದೆ. 1954ರಲ್ಲಿ ಪಾಲ್ ಫಿಟ್ಸ್ ತೋರಿಸಿದ್ದು: ಗುರಿ ದೂರವಾದಷ್ಟೂ ಚಿಕ್ಕದಾದಷ್ಟೂ ಕೈ ಅದನ್ನು ಮುಟ್ಟಲು ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ಎರಡೂ ಸಂಬಂಧಗಳು ಲಾಗರಿದಮ್ ಸ್ವರೂಪದವು. ದೂರ ಇಮ್ಮಡಿಯಾದರೆ ಸಮಯ ಇಮ್ಮಡಿಯಾಗುವುದಿಲ್ಲ, ಪ್ರತಿ ಸಲವೂ ಒಂದು ನಿಶ್ಚಿತ ಪ್ರಮಾಣ ಸೇರುತ್ತದೆ. ಗಣಿತದ ಪ್ರಶಿಕ್ಷಣಾರ್ಥಿಗಳಿಗೆ ಇದು ಲಾಗರಿದಮ್‌ಗೆ ಒಳ್ಳೆಯ ಉದಾಹರಣೆಯೂ ಹೌದು. ಆದರೆ ನಮ್ಮ ಅಡುಗೆಮನೆಗಳಲ್ಲಿ ಇದು ಯಾವ ಸೂತ್ರವೂ ಇಲ್ಲದೆ ನಡೆದುಕೊಂಡು ಬಂದಿದೆ. ಸಾಸಿವೆ, ಜೀರಿಗೆ, ಮೆಣಸು, ಅರಿಶಿನ ಒಲೆಯ ಪಕ್ಕದ ಡಬ್ಬಿಯಲ್ಲಿರುತ್ತವೆ, ಹಬ್ಬಕ್ಕೆ ಬೇಕಾಗುವ ಸಾಮಾನು ಅಟ್ಟದ ಮೇಲಿರುತ್ತದೆ. ಒಗ್ಗರಣೆ ಹಾಕುವಾಗ ಅಮ್ಮ ಡಬ್ಬಿಯತ್ತ ನೋಡುವುದೂ ಇಲ್ಲ, ಏಕೆಂದರೆ ಸಾಸಿವೆಯ ಬಟ್ಟಲು ಎಂದೂ ಜಾಗ ಬದಲಿಸಿಲ್ಲ. ಹೊಸ ತಂತ್ರಾಂಶ ನಮಗೆ ಸಿಗುವುದು ಅಟ್ಟದ ಸಾಮಾನನ್ನೆಲ್ಲ ಒಲೆಯ ಸುತ್ತ ಹರಡಿದ ಸ್ಥಿತಿಯಲ್ಲಿ.

ಮೊದಲು ಮಾಡಬೇಕಾದದ್ದು ಎಣಿಕೆ. ಟೂಲ್‌ಬಾರಿಗೆ ಕೈ ಹಾಕುವ ಮುನ್ನ ಪಾಠದ ಚಿತ್ರವನ್ನು ಒಮ್ಮೆ ಪೂರ್ತಿ ಬಿಡಿಸಿ, ಯಾವ ಉಪಕರಣವನ್ನು ಎಷ್ಟು ಸಲ ಮುಟ್ಟಿದೆವು ಎಂದು ಕಾಗದದ ಮೇಲೆ ಗೆರೆ ಹಾಕಿಕೊಳ್ಳಬೇಕು. ಅಂಕಿಅಂಶ ಪಾಠದ ತಾಳೆ ಗುರುತುಗಳೇ ಸಾಕು. ಗುಡಿಯ ಚಿತ್ರಕ್ಕೆ ನಾನು ಬಳಸಿದ್ದು ಏಳೇ ಉಪಕರಣ: ಚಲಿಸು, ಬಿಂದು, ರೇಖಾಖಂಡ, ಲಂಬರೇಖೆ, ಬಹುಭುಜ, ಪ್ರತಿಫಲನ, ಅಳಿಸು. ನೆನಪಿನಿಂದ ಪಟ್ಟಿ ಮಾಡಿದ್ದರೆ ವೃತ್ತ, ಕೋನಮಾಪಕ ಎಲ್ಲವನ್ನೂ ಸೇರಿಸಿಬಿಡುತ್ತಿದ್ದೆ. ನಾವು ಬಳಸುತ್ತೇವೆಂದು ಅಂದುಕೊಂಡದ್ದಕ್ಕೂ ನಿಜಕ್ಕೂ ಬಳಸುವುದಕ್ಕೂ ಅಂತರವಿದೆ.

ಜಿಯೋಜೀಬ್ರಾದಲ್ಲಿ ಜೋಡಿಸುವ ಕ್ರಮ ಹೀಗಿದೆ. ಕಂಪ್ಯೂಟರಿನಲ್ಲಿ ಸ್ಥಾಪಿಸುವ ಕ್ಲಾಸಿಕ್ 5 ಆವೃತ್ತಿಯನ್ನು ತೆಗೆದುಕೊಳ್ಳಿ. ಮೇಲಿನ ಮೆನುವಿನಲ್ಲಿ ಟೂಲ್ಸ್ ಒತ್ತಿ, ಕಸ್ಟಮೈಸ್ ಟೂಲ್‌ಬಾರ್ ಆರಿಸಿದರೆ ಒಂದು ಕಿಟಕಿ ತೆರೆಯುತ್ತದೆ. ಒಂದು ಕಡೆ ಈಗಿರುವ ಟೂಲ್‌ಬಾರ್, ಇನ್ನೊಂದು ಕಡೆ ಉಳಿದ ಉಪಕರಣಗಳು. ಬೇಡದ್ದನ್ನು ಆರಿಸಿ ರಿಮೂವ್, ಬೇಕಾದದ್ದನ್ನು ಆರಿಸಿ ಇನ್ಸರ್ಟ್, ಮೇಲೆ ಕೆಳಗೆ ಸರಿಸಿ ಕ್ರಮ ಹೊಂದಿಸಿ, ಕೊನೆಗೆ ಅಪ್ಲೈ. ತಪ್ಪಾದರೆ ಮೊದಲಿನ ಸ್ಥಿತಿಗೆ ಮರಳಿಸುವ ಗುಂಡಿಯೂ ಅಲ್ಲೇ ಇದೆ. ನಾನು ಏಳು ಉಪಕರಣಗಳನ್ನೂ ಚಿತ್ರ ಬಿಡಿಸುವ ಕ್ರಮದಲ್ಲೇ ಎಡದಿಂದ ಬಲಕ್ಕೆ ಇಟ್ಟೆ. ಒಂದರ ಅಡಿಯಲ್ಲಿ ಇನ್ನೊಂದು ಅಡಗಿಲ್ಲದ್ದರಿಂದ ಪಟ್ಟಿ ಇಳಿಸುವ ಕೆಲಸವೇ ಉಳಿಯಲಿಲ್ಲ.

ಇದರಲ್ಲಿ ನಮಗೆ ಬಹಳ ಉಪಕಾರಿಯಾದ ಒಂದು ಗುಣವಿದೆ. ಹೀಗೆ ಜೋಡಿಸಿದ ಟೂಲ್‌ಬಾರ್ ಆ ಕಡತದೊಳಗೇ ಉಳಿಯುತ್ತದೆ. ಪೆನ್‌ಡ್ರೈವ್‌ನಲ್ಲಿ ಕಡತ ಒಯ್ದು ಶಾಲೆಯ ಕಂಪ್ಯೂಟರಿನಲ್ಲಿ ತೆರೆದರೆ ನಮ್ಮ ಟೂಲ್‌ಬಾರೇ ಬರುತ್ತದೆ. ನಾವು ಒಂದು ಶಾಲೆಯಲ್ಲಿ ಕೆಲವು ವಾರವಷ್ಟೇ ಇರುವವರು, ಅಲ್ಲಿನ ಯಂತ್ರ ನಮ್ಮದಲ್ಲ. ಸಮಮಿತಿಗೆ ಒಂದು ಕಡತ, ತ್ರಿಭುಜದ ರಚನೆಗೆ ಒಂದು ಎಂದು ಪಾಠಕ್ಕೊಂದು ಟೂಲ್‌ಬಾರ್ ಮಾಡಿಟ್ಟುಕೊಳ್ಳಬಹುದು.

ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನಮ್ಮದೇ ಉಪಕರಣವನ್ನೂ ಸೃಷ್ಟಿಸಬಹುದು. ಎರಡು ಬಿಂದುಗಳಿಂದ ಹೊರಟು ಗುಡಿಯ ಹೊರರೇಖೆಯನ್ನು ರಚಿಸಿದ್ದರೆ, ಟೂಲ್ಸ್ ಮೆನುವಿನ ಕ್ರಿಯೇಟ್ ನ್ಯೂ ಟೂಲ್‌ನಲ್ಲಿ ಆ ಹೊರರೇಖೆಯನ್ನು ಫಲಿತವೆಂದೂ ಎರಡು ಬಿಂದುಗಳನ್ನು ದತ್ತವೆಂದೂ ತೋರಿಸಿ 'ಗುಡಿ' ಎಂದು ಹೆಸರಿಡಬಹುದು. ಆಮೇಲೆ ಎರಡು ಕಡೆ ಒತ್ತಿದರೆ ಗುಡಿ ಮೂಡುತ್ತದೆ. ಒಂದು ಎಚ್ಚರಿಕೆ: ಪ್ರತಿ ಮೂಲೆಯನ್ನೂ ಲಂಬರೇಖೆ, ಛೇದನಬಿಂದುಗಳಿಂದ ಪಡೆದಿರಬೇಕು. ಕಣ್ಣಳತೆಯಲ್ಲಿ ಇಟ್ಟ ಬಿಂದು ಒಂದಿದ್ದರೂ ತಂತ್ರಾಂಶ ಒಪ್ಪುವುದಿಲ್ಲ. ನನಗೆ ಇದು ಮೂರನೆಯ ಪ್ರಯತ್ನಕ್ಕೆ ಕೈಗೂಡಿತು.

ತಲವಿನ್ಯಾಸಕ್ಕೆ ಜಿಯೋಜೀಬ್ರಾ ಸಾಕು. ಶಿಖರ, ಬಣ್ಣ, ನೆರಳು ಬೇಕೆಂದರೆ ಚಿತ್ರಕಲೆಯ ತಂತ್ರಾಂಶಕ್ಕೇ ಹೋಗಬೇಕು. ನಾನು ಬಳಸಿದ್ದು ಕ್ರಿಟಾ, ಉಚಿತ ಮತ್ತು ಮುಕ್ತ ತಂತ್ರಾಂಶ. ಅದರ ಸೆಟ್ಟಿಂಗ್ಸ್ ಮೆನುವಿನಲ್ಲಿ ಕಾನ್ಫಿಗರ್ ಟೂಲ್‌ಬಾರ್ಸ್ ಇದೆ. ಕಿಟಕಿಯ ರೀತಿ ಹೆಚ್ಚುಕಡಿಮೆ ಮೇಲೆ ಹೇಳಿದ್ದೇ. ಕಡತದ ಕೆಲಸಗಳಿಗೆ ಒಂದು ಪಟ್ಟಿ, ಕುಂಚದ ಕೆಲಸಗಳಿಗೆ ಒಂದು ಪಟ್ಟಿ ಇರುತ್ತದೆ. ಕುಂಚದ ಪಟ್ಟಿಯಲ್ಲಿರುವ ಅಡ್ಡ ಕನ್ನಡಿಯ ಗುಂಡಿಯನ್ನು ಮಾತ್ರ ತೆಗೆಯಬೇಡಿ. ಅದನ್ನು ಒತ್ತಿ ಶಿಖರದ ಎಡ ಅರ್ಧವನ್ನು ಬಿಡಿಸುತ್ತ ಹೋದರೆ ಬಲ ಅರ್ಧ ತಾನೇ ಮೂಡುತ್ತದೆ. ಶಿಖರದ ಮೆಟ್ಟಿಲು ಮೆಟ್ಟಿಲಾದ ಅಂಚನ್ನು ಎರಡೂ ಕಡೆ ಸರಿಸಮನಾಗಿ ಕೈಯಿಂದ ಬಿಡಿಸಲು ಕುಳಿತರೆ ಅರ್ಧ ದಿನ ಹೋಗುತ್ತದೆ. ಸಮಮಿತಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಸಿಕ್ಕಿಲ್ಲ. ಮಕ್ಕಳು "ಮಿಸ್, ಇನ್ನೊಂದು ಕೈ ಯಾರ್ದು?" ಎಂದು ಕೇಳಿದರು.

ಕ್ರಿಟಾದಲ್ಲಿ ಟೂಲ್‌ಬಾರಿಗಿಂತಲೂ ವೇಗ ಕೊಡುವುದು ಬಲಗುಂಡಿ. ಚಿತ್ರದ ಮೇಲೆ ಎಲ್ಲೇ ಬಲಗುಂಡಿ ಒತ್ತಿದರೂ ಅಲ್ಲೇ ಒಂದು ಚಕ್ರ ತೆರೆದು, ನಾವು ಗುರುತು ಮಾಡಿಟ್ಟ ಕುಂಚಗಳು ಮತ್ತು ಬಣ್ಣಗಳು ಸುತ್ತಲೂ ಬರುತ್ತವೆ. ಫಿಟ್ಸ್ ಹೇಳಿದ ದೂರ ಇಲ್ಲಿ ಬೆರಳಗಲ. ಪೆನ್ಸಿಲ್, ಶಾಯಿ ಗೆರೆ, ಬಣ್ಣ ತುಂಬುವ ಕುಂಚ, ಅಳಿಸುವ ಕುಂಚ, ಈ ನಾಲ್ಕರ ಗುಂಪು ಮಾಡಿಕೊಂಡರೆ ಸಾಕು. ಪರದೆಯ ಪಕ್ಕದ ಚೌಕಟ್ಟುಗಳ ಜೋಡಣೆಯನ್ನು ವರ್ಕ್‌ಸ್ಪೇಸ್ ಎಂಬ ಹೆಸರಿನಲ್ಲಿ ಉಳಿಸಿಡಬಹುದು. ಟ್ಯಾಬ್ ಕೀಲಿ ಒತ್ತಿದರೆ ಎಲ್ಲವೂ ಮರೆಯಾಗಿ ಚಿತ್ರವೊಂದೇ ಉಳಿಯುತ್ತದೆ. ಪ್ರೊಜೆಕ್ಟರ್ ಇರುವಾಗ ಇದನ್ನು ಮರೆಯಬಾರದು, ಇಲ್ಲದಿದ್ದರೆ ಮಕ್ಕಳ ಕಣ್ಣು ಚಿತ್ರ ಬಿಟ್ಟು ಗುಂಡಿಗಳ ಮೇಲೇ ಓಡಾಡುತ್ತದೆ.

ಕೀಲಿಮಣೆಯ ಶಾರ್ಟ್‌ಕಟ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅಭ್ಯಾಸವಾದವರಿಗೆ ಅವು ಎಲ್ಲಕ್ಕಿಂತ ವೇಗ. ಆದರೆ ಚಿತ್ರಕ್ಕೆ ಕನ್ನಡದಲ್ಲಿ ಹೆಸರು ಬರೆದು ಕನ್ನಡ ಕೀಲಿಮಣೆಯನ್ನು ಹಾಗೇ ಬಿಟ್ಟರೆ ಒಂದಕ್ಷರದ ಶಾರ್ಟ್‌ಕಟ್‌ಗಳು ಕೈಕೊಡುವುದುಂಟು. ತಂತ್ರಾಂಶ ಕೆಟ್ಟಿತೆಂದು ನಾನು ಕಂಪ್ಯೂಟರನ್ನೇ ಆರಿಸಿ ಹಾಕಿದ್ದೆ.

ಗಿಂಪ್‌ನಲ್ಲಿ ಪ್ರಿಫರೆನ್ಸಸ್‌ನ ಟೂಲ್‌ಬಾಕ್ಸ್ ಪುಟಕ್ಕೆ ಹೋಗಿ ಉಪಕರಣದ ಪಕ್ಕದ ಕಣ್ಣಿನ ಗುರುತನ್ನು ತೆಗೆದರೆ ಅದು ಮರೆಯಾಗುತ್ತದೆ, ಎಳೆದು ಕ್ರಮ ಬದಲಿಸಬಹುದು. ಚಿಕ್ಕ ಮಕ್ಕಳ ಟಕ್ಸ್ ಪೇಂಟ್‌ಗೆ ಪ್ರತ್ಯೇಕವಾದ ಕಾನ್ಫಿಗ್ ಕಾರ್ಯಕ್ರಮವೇ ಇದ್ದು, ಅದರಲ್ಲಿ ಸರಳೀಕರಣಕ್ಕೆಂದೇ ಒಂದು ಪುಟವಿದೆ.

ಈಗ ಎರಡನೆಯ ಪಾಠಕ್ಕೆ ಬರುತ್ತೇನೆ. ಅದೇ ಘಟಕವನ್ನು ಇನ್ನೊಂದು ವಿಭಾಗಕ್ಕೆ, ಏಳು ಉಪಕರಣಗಳ ಟೂಲ್‌ಬಾರ್‌ನೊಂದಿಗೆ ಮಾಡಿದೆ. ಚಿತ್ರ ಎಂಟು ನಿಮಿಷದೊಳಗೇ ಮುಗಿಯಿತು. ನಡುನಡುವೆ ತಿರುಗಿ ಪ್ರಶ್ನೆ ಕೇಳುವಷ್ಟು ಬಿಡುವೂ ಸಿಕ್ಕಿತು. ಪ್ರತಿಫಲನ ರೇಖೆಯ ಆಚೆ ಚೆನ್ನಕೇಶವ ಗುಡಿ ಮೂಡಿದಾಗ ನಾನು ಗೆದ್ದೆ ಎಂದುಕೊಂಡೆ.

ಆಗ ಕಿಟಕಿಯ ಪಕ್ಕದ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ಇದು ಕನ್ನಡಿ ಅಲ್ಲ. ಅದೇ ಗುಡೀನ ಪಕ್ಕಕ್ಕೆ ತಳ್ಳಿರೋದು."

ಹೇಗೆ ಎಂದು ಕೇಳಿದೆ. "ಗುಡಿಗೆ ಎದುರಾಗಿ ನಿಂತು ನಾವು ಬಾಗಿಲ ಬಲಕ್ಕೆ ಚಪ್ಪಲಿ ಬಿಟ್ವಿ ಅಂದ್ಕೊಳ್ಳಿ ಮಿಸ್. ಕನ್ನಡಿ ಇಟ್ರೆ ಆ ಕಡೆ ಗುಡೀಲಿ ಚಪ್ಪಲಿ ಎಡಕ್ಕೆ ಬರ್ತದೆ. ತಳ್ಳಿದ್ರೆ ಬಲಕ್ಕೇ ಇರ್ತದೆ."

ಅವಳು ಹೇಳಿದ್ದು ಪ್ರತಿಫಲನ ಮತ್ತು ಸ್ಥಾನಾಂತರಗಳ ನಡುವಿನ ವ್ಯತ್ಯಾಸ. ಗುಡಿಯ ಹೊರರೇಖೆ ತನ್ನ ನಡುಗೆರೆಯ ಎರಡೂ ಕಡೆ ಸಮವಾಗಿರುವುದರಿಂದ, ಪ್ರತಿಫಲಿಸಿದರೂ ಪಕ್ಕಕ್ಕೆ ಸರಿಸಿದರೂ ಸಿಗುವ ಆಕೃತಿ ಒಂದೇ. ಒಂದು ಬದಿಯಲ್ಲಿ ಗುರುತು ಹಾಕಿದಾಗ ಮಾತ್ರ ಎರಡೂ ಬೇರೆಯಾಗುತ್ತವೆ. ನನ್ನ ಪಾಠಯೋಜನೆಯಲ್ಲಿ ಈ ಮಾತು ಎಲ್ಲೂ ಇರಲಿಲ್ಲ. "ಬಾ, ತಳ್ಳಿ ತೋರಿಸು" ಎಂದು ಮೌಸ್ ಕೊಟ್ಟೆ. ಅವಳು ಟೂಲ್‌ಬಾರನ್ನು ಎಡದಿಂದ ಬಲಕ್ಕೆ ನೋಡಿದಳು, ಇನ್ನೊಮ್ಮೆ ನೋಡಿದಳು. "ತಳ್ಳೋದು ಇಲ್ಲಿಲ್ಲ ಮಿಸ್" ಎಂದು ಹೋಗಿ ಕುಳಿತಳು.

ಸದಿಶದ ಮೂಲಕ ಸ್ಥಾನಾಂತರಿಸುವ ಉಪಕರಣ ಪ್ರತಿಫಲನದ ಗುಂಪಿನಲ್ಲೇ ಇತ್ತು. ತೆಗೆದುಹಾಕಿದವಳು ನಾನು. ಮೊದಲ ಪಾಠದಲ್ಲಿ ನಾನು ಹುಡುಕುತ್ತ ಕಳೆದ ನಿಮಿಷಗಳಿಗಿಂತ ಈ ಅರ್ಧ ನಿಮಿಷ ನನ್ನನ್ನು ಹೆಚ್ಚು ಕಾಡಿದೆ. ಕಲಾವಿದ ತನ್ನ ಟೂಲ್‌ಬಾರಿನಿಂದ ಏನನ್ನು ತೆಗೆದರೂ ನಷ್ಟ ಅವನೊಬ್ಬನದು. ತರಗತಿಯಲ್ಲಿ ನಾವು ತೆಗೆಯುವುದು ಮಕ್ಕಳ ಕೈಯಿಂದ. ಏಳು ಗುಂಡಿಗಳನ್ನು ಆರಿಸುವಾಗ ನಾನು ನನ್ನ ಉತ್ತರಕ್ಕೆ ಬೇಕಾದ ಏಳನ್ನು ಆರಿಸಿದ್ದೆ.

ಹಾಗಾಗಿ ಈಗ ಎರಡು ಕಡತ ಮಾಡುತ್ತೇನೆ. ನಾನು ಬಿಡಿಸುವಾಗ ಬಳಸುವುದು ಎಣಿಕೆಯಿಂದ ಬಂದ ಚಿಕ್ಕ ಟೂಲ್‌ಬಾರ್, ಅಲ್ಲಿ ವೇಗವೇ ಮುಖ್ಯ. ಮಕ್ಕಳಿಗೆ ಬಿಟ್ಟುಕೊಡುವ ಕಡತದಲ್ಲಿ ಪ್ರತಿಫಲನ, ಸ್ಥಾನಾಂತರ, ಪರಿಭ್ರಮಣ ಮೂರೂ ಒಂದರ ಪಕ್ಕ ಒಂದು ಇರುತ್ತವೆ, ಅದರಿಂದ ಸ್ವಲ್ಪ ನಿಧಾನವಾದರೂ ಸರಿ. ವೀಕ್ಷಣೆಗೆ ಬರುವ ಅಧ್ಯಾಪಕರು ತಂತ್ರಾಂಶ ಬಳಸಿದ ಪಾಠಗಳಲ್ಲಿ ಈ ಜೋಡಣೆಯನ್ನೂ ಬೋಧನೋಪಕರಣದ ಭಾಗವಾಗಿ ನೋಡಿದರೆ ನಮ್ಮಂಥವರಿಗೆ ಅನುಕೂಲ. ಪಾಠಯೋಜನೆಯ ನಮೂನೆಯಲ್ಲಿ "ಬಳಸುವ ತಂತ್ರಾಂಶ" ಎಂಬ ಸಾಲಿನ ಕೆಳಗೆ ಉಳಿಸಿದ ಉಪಕರಣಗಳನ್ನೂ ತೆಗೆದವುಗಳನ್ನೂ ಬರೆಯಲು ಎರಡು ಸಾಲು ಜಾಗ ಸಾಕು.

ಕೈಯ ವಿಷಯವೂ ಒಂದಿದೆ. ಎಡಗೈ ಬಳಸುವ ಹುಡುಗನೊಬ್ಬ ಪೆನ್ ಟ್ಯಾಬ್ಲೆಟ್‌ನ ಪರದೆಯ ಮೇಲೆ ಬಿಡಿಸುವಾಗ ಎಡ ಅಂಚಿನ ಉಪಕರಣಗಳೆಲ್ಲ ಅವನ ತೋಳಿನ ಕೆಳಗೆ ಮರೆಯಾಗುತ್ತಿದ್ದವು. ಕ್ರಿಟಾದ ಉಪಕರಣ ಪೆಟ್ಟಿಗೆಯನ್ನು ಎಳೆದು ಬಲಗಡೆಗೆ ಅಂಟಿಸಿದೆ. ಅವನು ಅಲ್ಲಿಯವರೆಗೂ ತನಗೆ ಚಿತ್ರ ಬರುವುದಿಲ್ಲವೆಂದೇ ಹೇಳುತ್ತಿದ್ದ. ಶಾಲೆಯ ಯಂತ್ರದಲ್ಲಿ ಹೀಗೆ ಏನನ್ನಾದರೂ ಬದಲಿಸಿದರೆ ಹೊರಡುವ ಮುನ್ನ ಮೊದಲಿನಂತೆ ಮಾಡಿಡಬೇಕು, ಮರುದಿನ ಅಲ್ಲಿ ಕೂರುವವರು ಬೇರೆಯವರು.

ಮುಂದಿನ ವಾರ ಆ ಹುಡುಗಿಯ ತರಗತಿಗೆ ಹೊಸ ಕಡತ ಒಯ್ದೆ. ಅವಳು ಗುಡಿಯ ಬಲಕ್ಕೆ ಒಂದು ಬಿಂದು ಇಟ್ಟು, ಅದಕ್ಕೆ 'ಚಪ್ಪಲಿ' ಎಂದು ಹೆಸರು ಕೊಟ್ಟು, ಎರಡೂ ರೀತಿ ಮಾಡಿ ತೋರಿಸಿದಳು. ಪಕ್ಕದಲ್ಲಿದ್ದ ಹುಡುಗ ಸುಮ್ಮನಿರಲಾರದೆ ಮೂರನೆಯ ಗುಂಡಿ ಒತ್ತಿ, ಎರಡು ಗುಡಿಗಳ ನಡುವಿನ ಬಿಂದುವಿನ ಸುತ್ತ 180 ಡಿಗ್ರಿ ತಿರುಗಿಸಿದ. ಗುಡಿ ಸರಿಯಾದ ಜಾಗದಲ್ಲೇ ಬಂದು ಕೂತಿತು, ಬಾಗಿಲು ಮಾತ್ರ ಹಿಂದಕ್ಕೆ ತಿರುಗಿತ್ತು. "ಅಯ್ಯೋ, ದೇವ್ರು ಮುನಿಸ್ಕೊಂಡ" ಎಂದ. ಗಂಟೆ ಬಾರಿಸಿದರೂ ಆ ಸಾಲಿನವರು ಏಳಲಿಲ್ಲ.